ಕೌದಿಯ ಕೊನೇ ಅಂಚು

ಆಗ ನಾನು ಪೀಣ್ಯದ ಕಡೆ ಸೈಕಲ್ಲಿನಲ್ಲಿ ಓಡಾಡಿಕೊಂಡು ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಫ್ಯಾಕ್ಟರಿ ಕ್ವಾರ್ಟರ್ಸಿನ ಮನೆಯೊಂದರಿಂದ ಕರೆ ಬಂತು. ಬಾಗಿಲು ತೆಗೆದವರಿಗೆ ನಮ್ಮಮ್ಮನ ವಯಸ್ಸು. ಯಜಮಾನರು ಸೆಕೆಂಡ್ ಶಿಫ್ಟಿಗೆ ಹೋಗಿದ್ದರು. ಮೆಷಿನ್ ಮೇಲೆ ದಪ್ಪನೆಯ ಕೌದಿ ಬಿದ್ದಿತ್ತು. ಅದರ ಅಂಚಿಗೆ ಇನ್ನೂ ಪಟ್ಟಿ ಹೊಲಿದಿರಲಿಲ್ಲ.

“ಹೊಲಿಗೆ ತಪ್ತಾ ಇದೆ, ನೋಡಪ್ಪಾ.”

ಎಣ್ಣೆ ಬಿಟ್ಟು, ಒಂದು ಚಿಂದಿಯ ಮೇಲೆ ಓಡಿಸಿದೆ. ಎಲ್ಲೂ ತಪ್ಪಲಿಲ್ಲ. “ಸರಿಯಾಗೇ ಇದೆಯಲ್ಲಮ್ಮಾ” ಅಂದೆ.

ಅವರು ಕೌದಿಯ ಮೇಲೆ ಕೈಯಾಡಿಸುತ್ತಾ ಕೂತರು. “ನಡುವೆ ಕೈಹೊಲಿಗೆ ಹಾಕುವಾಗ ಅಕ್ಕಪಕ್ಕದೋರೆಲ್ಲ ಸುತ್ತ ಕೂತಿರ್ತಾರೆ, ಮಾತು ಮುಗಿಯೋದೇ ಇಲ್ಲ. ಅಂಚಿಗೆ ಬಂದ್ಮೇಲೆ ಎದ್ದು ಹೋಗ್ತಾರೆ. ಅಂಚು ಒಬ್ಬರೇ ಹೊಲೀಬೇಕು. ಅದೇ ನನ್ ಕೈಲಾಗಲ್ಲ ಕಣಪ್ಪಾ.”

ಪಟ್ಟಿಯನ್ನು ಅಂಚಿಗೆ ಜೋಡಿಸಿ ಸೂಜಿಯ ಕೆಳಗಿಟ್ಟೆ. “ಆ ಕಡೆ ಹಿಡ್ಕೊಳ್ಳಿ” ಅಂದು ನಾನೇ ಪೆಡಲ್ ತುಳಿಯತೊಡಗಿದೆ. ಕೌದಿಯ ಭಾರ ಹಿಡಿದುಕೊಂಡು ಅವರು ಯಾವ ತುಂಡು ಯಾರ ಸೀರೆಯದು ಅಂತ ಹೇಳುತ್ತಾ ಹೋದರು. ಮೆಷಿನ್ ವಿಷಯ ಬಿಟ್ಟು ನನ್ನ ಜೊತೆ ಬೇರೇನಾದರೂ ಮಾತಾಡುವವರು ಸಿಕ್ಕಿ ಎಷ್ಟೋ ದಿನವಾಗಿತ್ತು.

ಕೊನೇ ಬದಿಯಲ್ಲಿ ಇನ್ನೊಂದು ಮೊಳ ಉಳಿದಿದ್ದಾಗ ಅವರ ಮಾತು ನಿಂತಿತು. ನಾನು ಚಕ್ರಕ್ಕೆ ಕೈ ಕೊಟ್ಟು ಮೆಷಿನ್ ನಿಲ್ಲಿಸಿದೆ.

“ಒಳಗೆಲ್ಲೋ ಒಂಚೂರು ಶಬ್ದ ಬರ್ತಿದೆ. ಮುಂದಿನ ವಾರ ಬಂದು ಇನ್ನೊಂದ್ಸಲ ನೋಡ್ತೀನಿ.”

“ಹೌದಪ್ಪಾ, ನಂಗೂ ಕೇಳಿಸ್ತು” ಅಂದರು.

ನಾನು ರಿಪೇರಿ ಮಾಡಿದ್ದರಲ್ಲಿ ಅಷ್ಟು ಸದ್ದಿಲ್ಲದೆ ಓಡುತ್ತಿದ್ದ ಮೆಷಿನ್ ಇನ್ನೊಂದಿರಲಿಲ್ಲ.