ಆ ಹದಿಮೂರು ದಿನ ದೀಪ ಕೆಂಪಾಗಲಿಲ್ಲ

ಆ ಬೆಳಿಗ್ಗೆ ನಾನು ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಹನ್ನೊಂದೂಕಾಲಿಗೆ ನಮ್ಮೆಜಮಾನರ ಫೋನ್ ಬಂತು. ಕೈಯೆಲ್ಲ ಜಾರುತ್ತಿತ್ತು, ಆಮೇಲೆ ಮಾಡಿದರಾಯಿತು ಎಂದು ಎತ್ತಲಿಲ್ಲ. ಮುಕ್ಕಾಲು ಗಂಟೆಯ ನಂತರ ಬಂದ ಫೋನು ಅವರ ಜೊತೆ ಕೆಲಸ ಮಾಡುವ ಶೈಲಾಳದು. ಹೂಟಗಳ್ಳಿಯ ಆಫೀಸಿನಲ್ಲಿ, ಕುರ್ಚಿಯಲ್ಲಿ ಕೂತಂತೆಯೇ ಅವರ ಹೃದಯ ನಿಂತಿತ್ತು. ನರಳಲಿಲ್ಲವಂತೆ. ಕೈ ಹಿಡಿದುಕೊಳ್ಳಲು ಪಕ್ಕದಲ್ಲಿ ಅವಳಿದ್ದಳು. ದೇವರು ಅಷ್ಟಾದರೂ ಮಾಡಿದ.

ನಾನು ದೇವರನ್ನು ನಂಬುವವಳು. ಆದರೆ ಹೋದವರು ಗುರುತು ತೋರಿಸುತ್ತಾರೆ ಎಂಬ ಮಾತನ್ನು ಎಂದೂ ನಂಬಿರಲಿಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಇಂಟರ್‌ನೆಟ್ ಪೆಟ್ಟಿಗೆಗಳ ಒಳಗಿರುವ ಕರ್ನಲ್ ಎಂಬ ಪ್ರೋಗ್ರಾಮ್ ಬರೆಯುವುದು ಅವರ ಕೆಲಸವಾಗಿತ್ತು. ಅಂಥದೊಂದು ಪೆಟ್ಟಿಗೆ ಪರೀಕ್ಷೆಗೆಂದು ಒಂಟಿಕೊಪ್ಪಲಿನ ನಮ್ಮ ಮನೆಯ ಹಾಲಿನಲ್ಲೇ ಓಡುತ್ತಿತ್ತು. ದಿನಾ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಅದರ ದೀಪ ಕೆಂಪಾಗಿ ಕೆಲಸ ನಿಂತುಬಿಡುತ್ತಿತ್ತು. ಆರಿಸಿ ಮತ್ತೆ ಹಾಕುವುದು ನನ್ನ ಪಾಲಿನ ಕೆಲಸ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, ಮದುವೆ ಊಟದ ಪಂಕ್ತಿ ನೆನೆಸಿಕೋ ಎಂದಿದ್ದರು. ಹೊರಗಿನಿಂದ ಬರುವ ಮಾಹಿತಿಯ ಪ್ರತಿ ಪ್ಯಾಕೆಟ್ಟಿಗೂ ಮೆಮೊರಿಯಲ್ಲಿ ಒಂದು ಜಾಗ, ಅಂದರೆ ಬಫರ್, ಎಲೆ ಹಾಕಿದ ಹಾಗೆ ಮೊದಲೇ ಸಿದ್ಧವಿರಬೇಕು. ಎಲೆ ಇಲ್ಲದಿದ್ದರೆ ಬಂದವರು ಹಾಗೇ ವಾಪಸ್. ಏನು ತಂದಿದ್ದರೋ ಯಾರಿಗೂ ತಿಳಿಯದು. ಉಂಡ ಮೇಲೆ ಎಲೆ ಎತ್ತಿ ಜಾಗ ಬಿಡಿಸಬೇಕು. ಎಲ್ಲೋ ಎತ್ತುವುದು ತಪ್ಪಿ, ಒಂದೊಂದೇ ಉಳಿದು, ಛತ್ರವೇ ತುಂಬಿಹೋಗುತ್ತಿತ್ತು.

"ಎಲೆ ಎತ್ತೋನಿಗೆ ಒಂದ್ಲೋಟ ಕಾಫಿ ಕೊಟ್ಟು ನೋಡಿ" ಅಂದಿದ್ದೆ.

"ಸಿಕ್ಕಿದ್ರೆ ಹೋಳಿಗೆನೇ ಹಾಕ್ಬುಡ್ತೀನಿ ಕಣೇ" ಅಂದು ನಕ್ಕಿದ್ದರು. ಐದು ತಿಂಗಳು ಹುಡುಕಿದರು. ಸಿಕ್ಕಿರಲಿಲ್ಲ.

ಅವರು ಹೋದ ಮೂರನೇ ದಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ದೀಪ ಹಸಿರಾಗಿಯೇ ಇತ್ತು. ಮನೆಯವರನ್ನೆಲ್ಲ ಕೇಳಿದೆ, ಯಾರೂ ಮುಟ್ಟಿರಲಿಲ್ಲ. ಸೂತಕವೆಂದು ದೇವರ ಮನೆಯ ಬಾಗಿಲು ಹಾಕಿದ್ದೆವು. ದಿನಾ ನಾಲ್ಕಕ್ಕೆ ನಾನು ಹೋಗಿ ಆ ಹಸಿರು ದೀಪದ ಮುಂದೆ ಕೂರುತ್ತಿದ್ದೆ. ಹದಿಮೂರು ದಿನವೂ ಅದು ಕೆಂಪಾಗಲಿಲ್ಲ.

ಮರುದಿನ ಶೈಲಾ ಪೆಟ್ಟಿಗೆ ಒಯ್ಯಲು ಬಂದಳು. ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದಳು. ಒಳಗಿದ್ದದ್ದು ಅದೇ ಹಳೆಯ ಪ್ರೋಗ್ರಾಮು, ಒಂದಕ್ಷರವೂ ಬದಲಾಗಿಲ್ಲವಂತೆ.

"ಅವತ್ತು ಹನ್ನೊಂದೂಕಾಲಿಂದ ಒಂದು ಬಫರೂ ಬಿಡಿಸ್ದೆ ಉಳ್ಕೊಂಡಿಲ್ಲ ಅಕ್ಕ. ಎಲ್ಲಾ ವಾಪಸ್ ಬಂದಿದೆ. ಹೆಂಗೆ ಅಂತ ನಂಗೂ ಗೊತ್ತಾಗ್ತಿಲ್ಲ."

ಅದು ನಾನು ಎತ್ತದ ಫೋನಿನ ಹೊತ್ತು. ಅವರಿಗೆ ತಪ್ಪು ಸಿಕ್ಕಿತ್ತೇ, ಅದನ್ನೇ ಹೇಳಲು ಮಾಡಿದ್ದರೇ, ಇಲ್ಲ ಎದೆ ನೋವೆಂದು ಕರೆದರೇ? ಹದಿನಾಲ್ಕು ದಿನ ಒಳಗೇ ಇಟ್ಟುಕೊಂಡಿದ್ದನ್ನು ಅವಳನ್ನು ಕೇಳಿಯೇಬಿಟ್ಟೆ. ಅವರು ಫೋನ್ ಮಾಡಿದಾಗ ಅವಳಿನ್ನೂ ಪಕ್ಕಕ್ಕೆ ಬಂದಿರಲಿಲ್ಲವಂತೆ, ಅವಳಿಗೆ ತಿಳಿದಿರಲಿಲ್ಲ. ಸುಳ್ಳು ಸಮಾಧಾನ ಹೇಳಲಿಲ್ಲ, ಅದೂ ಒಂದು ಉಪಕಾರವೇ.

ನಾಲ್ಕು ದಿನ ಕಳೆದು ಅವಳೇ ಫೋನ್ ಮಾಡಿದಳು. ಆಫೀಸಿನಲ್ಲಿ ಅದೇ ಪೆಟ್ಟಿಗೆ, ಅದೇ ಪ್ರೋಗ್ರಾಮು. ಮೊದಲಿನ ಹಾಗೇ ದಿನಾ ಕೆಂಪಾಗಿ ನಿಲ್ಲುತ್ತಿದೆಯಂತೆ.

ಅವರು ನನ್ನನ್ನು ಕ್ಷಮಿಸಿದರೆಂದು ತಿಳಿಯಲೇ, ಯಂತ್ರದ ಏನೋ ವ್ಯತ್ಯಾಸವೆಂದು ಬಿಡಲೇ? ಮೂರು ವರ್ಷವಾಯಿತು, ನನಗೆ ಗೊತ್ತಿಲ್ಲ. ಅವತ್ತು ಶೈಲಾಳ ಫೋನ್ ಇಟ್ಟು ಇನ್ನೂ ಅಲ್ಲೇ ನಿಂತಿದ್ದೆ. ಹಾಸಿಗೆ ಹಿಡಿದಿದ್ದ ನಮ್ಮತ್ತೆ ಒಳಗಿನಿಂದ ಕೂಗಿದರು. ಒಂದೇ ಕೂಗಿಗೆ ಓಗೊಟ್ಟು, ಅವರ ಗಂಜಿ ಬಿಸಿ ಮಾಡಲು ಒಳಗೆ ಹೋದೆ.