ಪಾಲಯ್ಯನ ಕುದುರೆಗೆ ಚಳಿಗಾಲದ ಕ್ಷೌರ

ಹರಿಹರದಲ್ಲಿ ಹೊಳೆದಂಡೆಗೆ ಇಳಿಯುವ ಓಣಿಗೆ ಹೋಗಿ ಪಾಲಯ್ಯನ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಹಾಲಮ್ಮನ ಮನೆ ಎಂದರೆ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ಹಾಲಮ್ಮ ಅವನ ಹೆಂಡತಿಯಲ್ಲ, ಬಿಳಿಯ ಹೆಣ್ಣು ಕುದುರೆ. ಹೆಂಡತಿಯ ಹೆಸರು ಯಲ್ಲಕ್ಕ. ಆ ಮನೆಯಲ್ಲಿ ತನ್ನದು ಎರಡನೆಯ ಸ್ಥಾನವೆಂಬುದನ್ನು ಆಕೆ ಎಂದೋ ಒಪ್ಪಿಕೊಂಡಿದ್ದಳು. ತನ್ನದು ಮೂರನೆಯದು ಎಂಬುದನ್ನು ಪಾಲಯ್ಯ ಮಾತ್ರ ಇನ್ನೂ ಒಪ್ಪಿಕೊಂಡಿರಲಿಲ್ಲ.

ಅವನ ಅಪ್ಪ ಕೊಂಡಜ್ಜಿ ಊರಿನ ಹೊಲವನ್ನು ತಮ್ಮನಿಗೆ ಬಿಟ್ಟು ಬಂದು ದಾವಣಗೆರೆಯ ರೈಲು ನಿಲ್ದಾಣದ ಮುಂದೆ ಜಟಕಾ ಹೊಡೆದವನು. ಆಟೊಗಳು ಬಂದ ಮೇಲೆ ಗಾಡಿ ಮೂಲೆ ಸೇರಿತು, ಕುದುರೆ ಸಾಕುವ ಹುಚ್ಚು ಮಗನಿಗೆ ಉಳಿಯಿತು. ಮದುಮಗನನ್ನು ಹೊತ್ತು ಮೆರವಣಿಗೆ ಹೋಗುವುದೇ ಹಾಲಮ್ಮನ ಉದ್ಯೋಗ. ಬ್ಯಾಂಡಿನವರ ಗದ್ದಲಕ್ಕೂ ಪಟಾಕಿಗೂ ಆಕೆ ಕಿವಿ ಅಲುಗಿಸುತ್ತಿರಲಿಲ್ಲ. ಒಂದೇ ಒಂದು ಚಟ: ಯಾರ ತಲೆಯ ಮೇಲೆ ಬಟ್ಟೆ ಕಂಡರೂ ಹಲ್ಲಿನಲ್ಲಿ ಹಿಡಿದು ಎಳೆಯುವುದು. ಪಾಲಯ್ಯನ ರುಮಾಲುಗಳೆಲ್ಲ ಅಂಚು ಹರಿದವು.

ಧನುರ್ಮಾಸದಲ್ಲಿ ಮದುವೆಗಳಿಲ್ಲ. ಆಗಲೇ ಹಾಲಮ್ಮನಿಗೆ ಚಳಿಗಾಲದ ದಟ್ಟ ಕೂದಲು ಬರುವುದು. ಹೊಳೆಯಲ್ಲಿ ಮೈ ತೊಳೆದರೆ ಶೀತವಾದೀತೆಂದು ಪಾಲಯ್ಯ ಬಿಸಿಲೇರಿದ ಮೇಲೆ ಆಕೆಯನ್ನು ಅಂಗಳಕ್ಕೆ ಕಟ್ಟಿ, ಭತ್ತದ ಹುಲ್ಲನ್ನು ಸುರುಳಿ ಸುತ್ತಿ ಮೈಯೆಲ್ಲ ತಿಕ್ಕುತ್ತಿದ್ದ. ಬಳಿಕ ಬ್ರಷ್ಷು, ಕೊನೆಗೆ ಗೋಣಿತಟ್ಟು. ಗೊರಸಿನ ಸಂದಿಯ ಕೆಸರು ತೆಗೆದು ಕೊಬ್ಬರಿ ಎಣ್ಣೆ ಸವರುತ್ತಿದ್ದ.

"ನನ್ ತಲಿಗೆ ಎಣ್ಣಿ ಇಲ್ಲ, ಅದರ ಕಾಲಿಗೆ ಐತೆ," ಎನ್ನುತ್ತಿದ್ದಳು ಯಲ್ಲಕ್ಕ.

"ನಿನ್ ತಲಿ ಮ್ಯಾಲೆ ಯಾರಾದ್ರೂ ಮದುಮಗ ಕೂಡ್ತಾನೇನು?" ಎನ್ನುತ್ತಿದ್ದ ಪಾಲಯ್ಯ.

ಹೀಗಿರುವಾಗ ದಾವಣಗೆರೆಯ ಪಿ.ಜೆ. ಬಡಾವಣೆಯ ಶಕುಂತಲಮ್ಮನವರಿಂದ ಫೋನು ಬಂತು. ಸಂಕ್ರಾಂತಿ ಕಳೆಯುತ್ತಲೇ ಮೊಮ್ಮಗ ಬಕ್ಕೇಶನ ಮದುವೆ; ಕುದುರೆ ಬೇಕು; ಆದರೆ ಮೊದಲು ಸುಳಿ ನೋಡಬೇಕು. ಮೈಗೂದಲು ಒಂದೆಡೆ ಸುತ್ತಿಕೊಂಡು ಬೆಳೆದಿರುತ್ತದಲ್ಲ, ಆ ಸುಳಿ. ಅದು ಎಲ್ಲಿದೆ ಎಂಬುದರ ಮೇಲೆ ಪ್ರಾಣಿಯ ಒಳ್ಳೆಯದು ಕೆಟ್ಟದ್ದನ್ನು ಹೇಳುವವರು ಅವರು. ಅವರ ಪ್ರಕಾರ ಜೀನಿನ ಕೆಳಗೆ ಸುಳಿ ಇದ್ದ ಕುದುರೆ ಹತ್ತಿದವನಿಗೆ ಸಂಸಾರಸುಖವಿಲ್ಲ.

ಹಾಲಮ್ಮನಿಗೆ ಸುಳಿ ಇದ್ದದ್ದು ಅಲ್ಲಿಯೇ. ಬೇಸಿಗೆಯ ಸಣ್ಣ ಕೂದಲಿನಲ್ಲಿ ಕಣ್ಣಿಗೆ ಬೀಳದ ಸುಳಿ ಈಗ ಬಟ್ಟಲಿನಂತೆ ಎದ್ದು ಕಾಣುತ್ತಿತ್ತು. ಶಕುಂತಲಮ್ಮನವರು ಬೇಡವೆಂದ ಕುದುರೆಯನ್ನು ಪೇಟೆಯ ಯಾವ ದೊಡ್ಡ ಮನೆಯವರೂ ಕರೆಯುವುದಿಲ್ಲ. ಮದುವೆಗಳು ತಪ್ಪಿದರೆ ಕುದುರೆಯನ್ನು ಮಾರಿ ಕೊಂಡಜ್ಜಿಯ ಚಿಕ್ಕಪ್ಪನ ಹೊಲಕ್ಕೆ ಹೋಗುವುದೆಂದು ಯಲ್ಲಕ್ಕ ಮೊದಲೇ ಹೇಳಿಬಿಟ್ಟಿದ್ದಳು. ಹಾಲಮ್ಮನಿಲ್ಲದ ಅಂಗಳವನ್ನು ಪಾಲಯ್ಯನಿಗೆ ನೆನೆಯಲೂ ಆಗಲಿಲ್ಲ.

ಓಣಿಯ ತುದಿಯ ಕ್ಷೌರದಂಗಡಿಯ ಅಶ್ವಥ್‌ನಿಂದ ಟ್ರಿಮ್ಮರ್ ತಂದ.

"ಯಾರಿಗಣ್ಣ?" ಎಂದ ಅಶ್ವಥ್.

"ಮನಿಯವರಿಗೆ."

"ಯಲ್ಲಕ್ಕಗಾ?"

ಪಾಲಯ್ಯ ತಿರುಗಿ ನೋಡದೆ ನಡೆದ.

ಸುಳಿ ಇದ್ದಲ್ಲಿ ಅಂಗೈಯಗಲ ಬೋಳಿಸಿದ. ಅದು ತೇಪೆ ಹಾಕಿದಂತೆ ಕಂಡಿತು. ಸಮನಾಗಲೆಂದು ಇನ್ನೊಂದು ಮಗ್ಗುಲಲ್ಲೂ ಬೋಳಿಸಿದ. ಅದು ಹೆಚ್ಚು ಅಗಲವಾಯಿತು. ಮೊದಲಿನದನ್ನು ಅಗಲ ಮಾಡಿದ. ಟ್ರಿಮ್ಮರಿನ ಚಾರ್ಜು ಮುಗಿಯುವ ಹೊತ್ತಿಗೆ ಹಾಲಮ್ಮನ ನಡು ಭಾಗ ನುಣ್ಣಗಾಗಿ, ಹಿಂದೆ ಮುಂದೆ ಮಾತ್ರ ಕೂದಲು ಉಳಿದು, ಸ್ವೆಟರಿನ ತೋಳುಗಳನ್ನು ಮಾತ್ರ ತೊಟ್ಟವಳಂತೆ ಕಂಡಳು.

ಯಲ್ಲಕ್ಕ ಒಳಗಿನಿಂದ ಬಂದು ನೋಡಿದಳು. ಕುದುರೆಗೆ ಒಂದು ಸುತ್ತು ಬಂದಳು.

"ಸುಳಿ ಹೋತೇನ್ರಿ?"

"ಹೋತು."

"ಚಳಿ ಬಂತಲ್ಲ!" ಎಂದವಳೇ ಗಂಡನ ಕಂಬಳಿಯನ್ನು ತಂದು ನಡುಗುತ್ತಿದ್ದ ಕುದುರೆಗೆ ಹೊದಿಸಿದಳು. ಅಲ್ಲಿಂದ ಮುಂದೆ ಪಾಲಯ್ಯ ಗೋಣಿಚೀಲ ಹೊದ್ದು ಮಲಗಿದ.

ಶಕುಂತಲಮ್ಮ ಕುದುರೆ ನೋಡಲು ಬಂದದ್ದು ವಾರದ ಮೇಲೆ, ಬಿಸಿಲು ಚುರುಗುಟ್ಟುವ ಹೊತ್ತಿಗೆ. ಕಾರು ಓಡಿಸಿಕೊಂಡು ಬಂದಿದ್ದ ಬಕ್ಕೇಶನ ತಲೆಯಲ್ಲಿ ಮಾತ್ರ ಕಿವಿ ಮುಚ್ಚುವ ಉಣ್ಣೆಯ ಟೋಪಿ ಇತ್ತು, ಹಣೆಯಲ್ಲಿ ಬೆವರು.

"ಟೋಪಿ ತೆಗೀರಿ ಸಾಹುಕಾರ್ರ, ಸೆಕೆ ಐತೆ," ಎಂದ ಪಾಲಯ್ಯ.

"ಅವಂಗೆ ಶೀತ ಐತೆ," ಎಂದು ಅಜ್ಜಿಯೇ ಉತ್ತರ ಕೊಟ್ಟರು. "ಕಂಬಳಿ ತೆಗಿ, ನೋಡಾಣ."

"ಅದಕ್ಕೂ ಶೀತ ಐತ್ರಿ ಅಮ್ಮಾರೇ."

"ತೆಗಿ ಅಂದೆ."

ಕಂಬಳಿ ಸರಿಯಿತು. ಶಕುಂತಲಮ್ಮ ಕನ್ನಡಕವನ್ನು ಮೂಗಿಗೇರಿಸಿದರು. "ಏನಿದು ಅವತಾರ?"

"ಚಳಿಗಾಲದ ಕ್ಷೌರ ಅಮ್ಮಾರೇ. ರೇಸ್ ಕುದುರಿಗೆಲ್ಲ ಹಿಂಗೇ ಮಾಡ್ತಾರಂತ್ರಿ. ಬೆವರು ಬೇಗ ಆರ್ತೈತೆ, ಚೊಕ್ಕ ಇರ್ತೈತೆ."

"ನಮ್ ಹುಡುಗ ಮದುವಿಗೆ ಹೊಂಟಾನೋ, ರೇಸಿಗೋ?"

ಆಕೆ ಬೆರಳ ತುದಿಯನ್ನು ನುಣ್ಣನೆಯ ಮೈಮೇಲೆ ಮೆಲ್ಲಗೆ ಆಡಿಸಿದರು. ಬೋಳಿಸಿದ ಮಾತ್ರಕ್ಕೆ ಸುಳಿ ಹೋಗುವುದಿಲ್ಲ. ಚಿಗುರುವ ಕೂದಲೂ ಹಳೆಯ ದಾರಿಯಲ್ಲೇ ಸುತ್ತಿ ಬರುತ್ತದೆ ಎಂಬುದು ಪಾಲಯ್ಯನಿಗೆ ಆಗಷ್ಟೇ ಹೊಳೆಯಿತು. ಬೆರಳು ಒಂದೆಡೆ ನಿಂತಿತು. ಗುಂಡಗೆ ತಿರುಗಿತು. ಮತ್ತೆ ನಿಂತಿತು.

"ಪಾಲಯ್ಯ, ಇದೇನೋ..."

ಮಾತು ಮುಗಿಯಲಿಲ್ಲ. ಎಲ್ಲರ ಗಮನವೂ ತನ್ನ ಬೆನ್ನಿನ ಮೇಲಿದ್ದಾಗ ಹಾಲಮ್ಮ ಕತ್ತು ಚಾಚಿ ಬಕ್ಕೇಶನ ಟೋಪಿಯನ್ನು ಕಿತ್ತುಕೊಂಡಿದ್ದಳು. ಮದುಮಗ ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳುವಷ್ಟರಲ್ಲಿ ಪಾಲಯ್ಯ ನೋಡಿಯಾಗಿತ್ತು: ಸುತ್ತ ದಟ್ಟ ಕ್ರಾಪು, ನೆತ್ತಿಯ ಹಿಂದೆ ಅಂಗೈಯಗಲ ಬೋಳು, ಆ ಬೋಳಿನಲ್ಲಿ ಚಿಗುರುತ್ತಿದ್ದ ಕೂದಲಿನಲ್ಲಿ ಅಕ್ಕಪಕ್ಕ ಎರಡು ಸುಳಿ. ತಲೆಯಲ್ಲಿ ಎರಡು ಸುಳಿ ಇದ್ದವನಿಗೆ ಎರಡು ಮದುವೆಯೆಂದು ಚಿಕ್ಕ ಮಕ್ಕಳೂ ಅಣಕಿಸುತ್ತಾರೆ. ಬೀಗರ ಕಿವಿಗೆ ಬಿದ್ದರೆ ಅವರು ಅಣಕಿಸಿ ಸುಮ್ಮನಾಗುವವರಲ್ಲ.

ಅಂಗಳದಲ್ಲಿ ಕುದುರೆ ಉಣ್ಣೆ ಅಗಿಯುವ ಸದ್ದು ಮಾತ್ರ.

"ಅಯ್ಯ, ನಿಮ್ಮನ್ಯಾಗೂ ಚಳಿಗಾಲದ ಕ್ಷೌರ ಆಗೇತೇನ್ರಿ ಅಮ್ಮಾರೇ?" ಎಂದಳು ಯಲ್ಲಕ್ಕ, ಅತ್ಯಂತ ವಿನಯದಿಂದ.

"ಅಜ್ಜಿ, ನಾ ಅವಾಗ್ಲೇ ಬ್ಯಾಡ ಅಂದಿದ್ದೆ," ಎಂದು ಬಕ್ಕೇಶ ಗೊಣಗಿದ.

ಶಕುಂತಲಮ್ಮ ಪಾಲಯ್ಯನನ್ನು ನೋಡಿದರು. ಪಾಲಯ್ಯ ಹೊಳೆಯ ಕಡೆ ನೋಡಿದ. ಆಕೆ ಕುದುರೆಯ ಬಾಯಿಂದ ಟೋಪಿಯನ್ನು ಬಿಡಿಸಿ, ಜೊಲ್ಲು ಕೊಡವಿ, ಮೊಮ್ಮಗನ ಕಿವಿಯವರೆಗೂ ಎಳೆದು ತೊಡಿಸಿದರು. ಬಳಿಕ ತಾವೇ ಬಗ್ಗಿ ಕಂಬಳಿಯನ್ನೆತ್ತಿ ಹಾಲಮ್ಮನ ಬೆನ್ನಿಗೆ ಹೊದಿಸಿದರು.

"ಲಕ್ಷಣದ ಕುದುರಿ," ಎಂದರು. "ಸುಳಿ ಗಿಳಿ ಏನೂ ಇಲ್ಲ."

"ಹುಡುಗಾನೂ ಹಂಗೇ ಅದಾನ್ರಿ," ಎಂದ ಪಾಲಯ್ಯ.

ಮದುವೆಯ ದಿನ ಹಾಲಮ್ಮನ ಬೆನ್ನ ಮೇಲೆ ಗೊರಸಿನವರೆಗೂ ಇಳಿಬಿದ್ದ ಜರಿಯ ಜೂಲು. ಬಕ್ಕೇಶನ ತಲೆಯ ಮೇಲೆ ಬಿಗಿಯಾಗಿ ಸುತ್ತಿದ ಪೇಟ. ಅವನು ಹತ್ತುವಾಗ ಕುದುರೆಯ ಬಾಯಿ ಪೇಟಕ್ಕೆ ಎಟುಕದಂತೆ ಪಾಲಯ್ಯ ಲಗಾಮನ್ನು ಗಿಡ್ಡವಾಗಿ ಹಿಡಿದಿದ್ದ. ಶಕುಂತಲಮ್ಮನವರು ಅದೂ ಸಾಲದೆಂದು ಹತ್ತಿರ ಬಂದು ಇನ್ನೂ ಒಂದು ಗೇಣು ಗಿಡ್ಡ ಮಾಡಿಸಿದರು.