ಸಿಸಿಲಿಯಮ್ಮನವರು ಕೊಟ್ಟ ಮೆಡಲ್

ಓದುಗರಿಗೆಲ್ಲ ನಮಸ್ಕಾರ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದೇ ತಡವಾಗಿ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಂಥ ಸಂಗತಿ ಯಾರಾದರೂ ಹೇಳಿದರೆ ನಾನೇ ಮೊದಲು ನಗುತ್ತಿದ್ದೆ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಯುದ್ಧಕ್ಕೆ ಹೋದ ಸಿಪಾಯಿಗಳಿಗೆ ಬೆಳ್ಳಿಯ ಮೆಡಲ್ ಕೊಡುತ್ತಿದ್ದರು. ಅದರ ಅಂಚಿನಲ್ಲಿ ಸಿಪಾಯಿಯ ಹೆಸರಿರುತ್ತದೆ. ಅವರಲ್ಲಿ ಗಾಯಗೊಂಡವರ ಮೆಡಲ್‌ಗಳನ್ನಷ್ಟೇ ನಾನು ಸಂಗ್ರಹಿಸುತ್ತೇನೆ. ಈ ಹುಚ್ಚು ಹತ್ತಿಸಿದವರು ಮೆಡಲ್ ಸಂಗ್ರಹದಲ್ಲಿ ಹಳಬರಾದ, ನಮ್ಮೂರಿನ ಯಾದವಗಿರಿ ಬಡಾವಣೆಯ ಶ್ರೀಕಂಠಯ್ಯನವರು. "ಮೆಡಲ್ ಮಾತ್ರ ಉಜ್ಜಬೇಡ ಕಣಯ್ಯ, ಆ ಕಪ್ಪೇ ಅದರ ವಯಸ್ಸು" ಎಂಬುದು ಅವರು ಕಲಿಸಿದ ಮೊದಲ ಪಾಠ. ಅವರನ್ನು ಗುರು ಎಂದೇ ನಂಬಿದ್ದೆ.

ಕೆಲವು ವರ್ಷಗಳ ಹಿಂದೆ ಲಷ್ಕರ್ ಮೊಹಲ್ಲಾದ ಸಿಸಿಲಿಯಮ್ಮ ಎಂಬ ವಯಸ್ಸಾದವರು ತಮ್ಮ ಮುತ್ತಾತನ ಮೆಡಲನ್ನು ನನ್ನ ಕೈಯಲ್ಲಿಟ್ಟರು. "ನಮ್ಮನೇಲಿ ಯಾರ್ಗೂ ಬೇಡ್ವಂತೆ. ನೀನಾದ್ರೆ ಜೋಪಾನ ಮಾಡ್ತೀಯ. ನಮ್ಮ ಚರ್ಚಿನ ಸತ್ತವರ ಹಬ್ಬದ ದಿನ ಮಾತ್ರ ಅವ್ರ ಸಮಾಧಿ ಮೇಲಿಡೋಕೆ ತಂದ್ಬುಡ್ಬೇಕು ಕಣಪ್ಪ" ಎಂದರು. ಮಾತು ಕೊಟ್ಟೆ.

ಅದು ಮನೆಗೆ ಬಂದ ದಿನದಿಂದ ನನ್ನ ಎಡಗೈಯ ಕೊನೆಯ ಎರಡು ಬೆರಳು ಮರಗಟ್ಟಿದವು. ಮಡಚಲು ಬರುತ್ತಿರಲಿಲ್ಲ. ಡಾಕ್ಟರು ನರದ ತೊಂದರೆ ಎಂದರು. ಒಂದು ದಿನ ಮಾತಿನ ಮಧ್ಯೆ, ಮುತ್ತಾತನಿಗೆ ಗಾಯ ಎಲ್ಲಿ ಆಗಿತ್ತು ಎಂದು ಸಿಸಿಲಿಯಮ್ಮನವರನ್ನು ಕೇಳಿದೆ. "ಎಡಗೈಗೆ ಗುಂಡು ಬಿದ್ದಿತ್ತಂತೆ. ಈ ಎರಡು ಬೆರಳು ಸಾಯೋವರ್ಗೂ ಮಡಚಲೇ ಇಲ್ವಂತೆ" ಎಂದು ತಮ್ಮ ಬೆರಳು ತೋರಿಸಿದರು. ನಾನು ನನ್ನ ಎಡಗೈಯನ್ನು ಜೇಬಿಗೆ ಇಳಿಸಿದೆ.

ಆಮೇಲೆ ಶ್ರೀಕಂಠಯ್ಯನವರು ಫೋಟೋ ತೆಗೆಸಲು ಮೆಡಲ್ ಕೇಳಿ ಪಡೆದರು. ಮಾರನೆಯ ದಿನವೇ ನನ್ನ ಬೆರಳು ಸರಿಹೋದವು. ಕೆಲವು ವಾರ ಬಿಟ್ಟು ಮೆಡಲ್ ವಾಪಸ್ ಬಂತು. ಬೆರಳು ಮಾತ್ರ ಮತ್ತೆ ಮರಗಟ್ಟಲಿಲ್ಲ. ಮೆಡಲ್ ಹೊಸ ಲೋಟದ ಹಾಗೆ ಫಳಫಳ ಹೊಳೆಯುತ್ತಿತ್ತು.

ಅವರ ಮನೆಗೆ ಹೋಗಿ ಕೇಳಿದೆ. "ಧೂಳು ಕೂತಿತ್ತು, ಒಂಚೂರು ಉಜ್ಜಿಸ್ದೆ" ಎಂದರು.

"ಉಜ್ಜಬೇಡ ಅಂದಿದ್ದು ನೀವೇ ಅಲ್ವಾ ಸಾರ್?"

"ಓಹೋ, ನನ್ ಮೇಲೇ ಅನುಮಾನಾನಾ? ಮೆಡಲ್ ಹಿಡಿಯೋದು ನಿಂಗೆ ಹೇಳ್ಕೊಟ್ಟಿದ್ಯಾರಯ್ಯಾ?"

ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು. "ಎಡಗೈಗೆ ಕೊಡ್ಬೇಡ ಅಂತ ಎಷ್ಟ್ ಸಲ ಹೇಳೋದು" ಎಂದು ಹೆಂಡತಿಯ ಮೇಲೆ ರೇಗಿ, ಶ್ರೀಕಂಠಯ್ಯನವರು ಬಲಗೈ ಚಾಚಿದರು. ಅವರ ಎಡಗೈಯ ಕೊನೆಯ ಎರಡು ಬೆರಳು ಕಡ್ಡಿಯ ಹಾಗೆ ನೆಟ್ಟಗೆ ನಿಂತಿದ್ದವು. ನಾನು ನೋಡಿದ್ದನ್ನು ಅವರೂ ನೋಡಿದರು. ನನ್ನ ಕಾಫಿ ಅಲ್ಲೇ ಬಿಟ್ಟು ಎದ್ದು ಬಂದೆ.

ಸತ್ತವರ ಹಬ್ಬದ ದಿನ ಹೊಳೆಯುವ ಆ ಮೆಡಲನ್ನೇ ಒಯ್ದೆ. ಸಿಸಿಲಿಯಮ್ಮ ಅದಕ್ಕೆ ಮುತ್ತಿಟ್ಟು ಸಮಾಧಿಯ ಮೇಲಿಟ್ಟು ಮೇಣದ ಬತ್ತಿ ಹಚ್ಚಿದರು. "ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀಯಪ್ಪಾ" ಎಂದರು. ಅವರ ಪಕ್ಕದಲ್ಲಿ ನಿಂತು ಎಡಗೈ ಮುಷ್ಟಿ ಹಿಡಿದೆ. ಐದೂ ಬೆರಳು ಸಲೀಸಾಗಿ ಮಡಚಿಕೊಂಡವು.

ಇದು ಏನು ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಮೆಡಲ್ ಅದಲುಬದಲಾಗಿದೆ ಎಂದು ಬೆರಳು ತೋರಿಸಿ ದೂರು ಕೊಟ್ಟರೆ ಯಾರು ನಂಬುತ್ತಾರೆ? ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದ್ದರೆ ದಯವಿಟ್ಟು ಬರೆಯಿರಿ. ನಗುವುದಿಲ್ಲ.